ಜಾಮೀನು ಸಿಕ್ಕರೆ ಶಾಸಕ ಸ್ಥಾನವೂ ವಾಪಸ್ ಬರುತ್ತಾ?

ಓದುಗರ ಪ್ರಶ್ನೆ: ಗಂಗಾವತಿ ಶಾಸಕ ಜನಾರ್ದನ ರೆಡ್ಡಿಯವರಿಗೆ 7 ವರ್ಷ ಜೈಲು ಅಂತಾಯ್ತು, ಸ್ಥಾನವೂ ಹೋಯ್ತು. ತಿಂಗಳೊಪ್ಪತ್ತಿನಲ್ಲಿ ಜಾಮೀನು ಸಿಕ್ತು, ಮತ್ತೆ ಶಾಸಕರಾದರು. ಇದು ಹೇಗೆ? ಉಪಚುನಾವಣೆ ಯಾಕೆ ಆಗಲಿಲ್ಲ?

ಉತ್ತರ: ಜಾಮೀನಿಗೂ ಸ್ಥಾನಕ್ಕೂ ಸಂಬಂಧವಿಲ್ಲ. ಜಾಮೀನಿನಿಂದ ಅವರು ಜೈಲಿನಿಂದ ಹೊರಬಂದರು, ಅಷ್ಟೇ. ಸ್ಥಾನ ಉಳಿಸಿದ್ದು ಬೇರೆಯದೇ ಒಂದು ಆದೇಶ. ಎರಡನ್ನೂ ಒಟ್ಟಿಗೆ ‘ಶಿಕ್ಷೆಗೆ ತಡೆ’ ಎಂದು ಬರೆದುಬಿಡುವುದರಿಂದಲೇ ಇಷ್ಟು ಗೊಂದಲ.

ಮೊದಲು ಸ್ವಲ್ಪ ಹಿನ್ನೆಲೆ. ಬಳ್ಳಾರಿ ಗಡಿಗೆ ಅಂಟಿಕೊಂಡ ಓಬಳಾಪುರಂ ಗಣಿ ಪ್ರಕರಣದಲ್ಲಿ ಸಿಬಿಐ ಅವರನ್ನು ಬಂಧಿಸಿದ್ದು 2011ರ ಸೆಪ್ಟೆಂಬರ್ 5ರಂದು. 2015ರ ಜನವರಿಯಲ್ಲಿ ಜಾಮೀನು ಸಿಕ್ಕರೂ ಬಳ್ಳಾರಿಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ಪಕ್ಕದ ಕೊಪ್ಪಳ ಜಿಲ್ಲೆಯ ಗಂಗಾವತಿ ಹಿಡಿದರು. 2022ರ ಡಿಸೆಂಬರ್‌ನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿ, 2023ರಲ್ಲಿ ಕಾಂಗ್ರೆಸ್‌ನ ಇಕ್ಬಾಲ್ ಅನ್ಸಾರಿಯವರನ್ನು 8 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಮರುವರ್ಷ ಪಕ್ಷವನ್ನೇ ಬಿಜೆಪಿಯಲ್ಲಿ ವಿಲೀನ ಮಾಡಿದರು. ಕೇಸಿದ್ದೂ ಹೇಗೆ ನಿಂತರು ಅಂತ ಕೇಳುವವರಿದ್ದಾರೆ. ಚಾರ್ಜ್‌ಶೀಟ್ ಇದ್ದರೆ ಸ್ಪರ್ಧೆಗೆ ಅಡ್ಡಿಯಿಲ್ಲ; ನಾಮಪತ್ರದ ಜೊತೆಗಿನ 26ನೇ ನಮೂನೆಯ ಅಫಿಡವಿಟ್‌ನಲ್ಲಿ ಕೇಸುಗಳನ್ನು ಬರೆದುಕೊಟ್ಟರೆ ಸಾಕು.

ಅಡ್ಡಿಯಾಗುವುದು ದೋಷಿ ಎಂದು ತೀರ್ಪು ಬಂದಾಗ. ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಆ ತೀರ್ಪು ಕೊಟ್ಟಿದ್ದು 2025ರ ಮೇ 6ರಂದು. ಪ್ರಜಾಪ್ರತಿನಿಧಿ ಕಾಯ್ದೆಯ 8(3)ನೇ ಕಲಂ ಪ್ರಕಾರ 2 ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಅನರ್ಹತೆ. ಸರಿಯಾಗಿ 2 ವರ್ಷವಾದರೂ ಹೋಯಿತು, ಒಂದು ದಿನ ಕಡಿಮೆಯಾದರೆ ಉಳಿಯಿತು. ಮೊದಲೆಲ್ಲ 3 ತಿಂಗಳೊಳಗೆ ಮೇಲ್ಮನವಿ ಹಾಕಿ ಸ್ಥಾನ ಕಾಪಾಡಿಕೊಳ್ಳಬಹುದಿತ್ತು. ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಆ ಸವಲತ್ತನ್ನು ಕಿತ್ತುಹಾಕಿತು. ಈಗ ಸ್ಥಾನ ಹೋಗುವುದು ತೀರ್ಪಿನ ದಿನವೇ. ವಿಧಾನಸಭೆ ಸಚಿವಾಲಯ ಅದನ್ನು ಕಾಗದದ ಮೇಲೆ ಹೇಳುತ್ತದೆ. ಗಂಗಾವತಿ ಸ್ಥಾನ ಖಾಲಿ ಎಂಬ ಅಧಿಸೂಚನೆ ಹೊರಬಿದ್ದದ್ದು ಮೇ 8ರಂದು, ಆದರೆ ಜಾರಿಯಾದ ದಿನ ಅಂತ ಅದರಲ್ಲಿದ್ದದ್ದು ಮೇ 6. ಅನರ್ಹತೆ ಜೈಲುವಾಸಕ್ಕೇ ಮುಗಿಯುವುದಿಲ್ಲ, ಬಿಡುಗಡೆಯಾದ ಮೇಲೆ ಇನ್ನೂ 6 ವರ್ಷ.

ಇನ್ನು ವಾಪಸ್ ಬಂದ ದಾರಿ. ಮೇಲ್ಮನವಿ ಹಾಕಿದವರು ಸಾಮಾನ್ಯವಾಗಿ ಕೇಳುವುದು ‘ಶಿಕ್ಷೆ ಅಮಾನತು’. ಅದು ಸಿಕ್ಕರೆ ಜೈಲು ತಪ್ಪುತ್ತದೆ, ‘ದೋಷಿ’ ಎಂಬ ಪಟ್ಟ ಹಾಗೇ ಇರುತ್ತದೆ, ಅನರ್ಹತೆಯೂ ಹಾಗೇ. ದೋಷಿ ಎಂಬ ತೀರ್ಪಿಗೇ ತಡೆ ಬೇಕೆಂದರೆ ಅರ್ಜಿಯಲ್ಲಿ ಅದನ್ನು ಬೇರೆಯಾಗಿ ಕೇಳಬೇಕು, ತಡೆ ಕೊಡದಿದ್ದರೆ ಮುಂದೆ ಸರಿಪಡಿಸಲಾಗದ ನಷ್ಟ ಏನು ಅಂತ ಬಿಡಿಸಿ ಹೇಳಬೇಕು. ಕೋರ್ಟುಗಳು ಇದನ್ನು ಸುಲಭಕ್ಕೆ ಕೊಡುವುದಿಲ್ಲ. ಚುನಾಯಿತರಿಗೆ ಬಲವಾದ ಕಾರಣ ಉಪಚುನಾವಣೆಯೇ: ಬೇರೊಬ್ಬರು ಗೆದ್ದು ಕೂತ ಮೇಲೆ ಮೇಲ್ಮನವಿ ಗೆದ್ದರೂ ಕುರ್ಚಿ ಸಿಗುವುದಿಲ್ಲ. ತೆಲಂಗಾಣ ಹೈಕೋರ್ಟ್ ಜೂನ್ 11ರಂದು, ಅಂದರೆ 36ನೇ ದಿನಕ್ಕೆ, ಆ ತಡೆಯನ್ನೂ ಕೊಟ್ಟಿತು. ತಡೆ ಸಿಕ್ಕ ದಿನದಿಂದ ಅನರ್ಹತೆ ನಿಲ್ಲುತ್ತದೆ ಎಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಚಿವಾಲಯಕ್ಕೆ ಸ್ಥಾನ ಮರಳಿಸದೆ ದಾರಿಯಿರಲಿಲ್ಲ.

ಉಪಚುನಾವಣೆಗೆ ಆಯೋಗಕ್ಕಿರುವ ಗಡುವು 6 ತಿಂಗಳು. ಗಂಗಾವತಿಯ ಮಟ್ಟಿಗೆ ಅದು ನವೆಂಬರ್‌ವರೆಗಿತ್ತು, ಜೂನ್‌ನಲ್ಲೇ ತಡೆ ಬಂತು. ಆತುರಪಟ್ಟರೆ ಏನಾಗುತ್ತದೆ ಎಂಬುದಕ್ಕೆ ಲಕ್ಷದ್ವೀಪವಿದೆ: 2023ರ ಜನವರಿಯಲ್ಲಿ ಸಂಸದ ಮೊಹಮ್ಮದ್ ಫೈಜಲ್ ಅನರ್ಹರಾದ ವಾರದೊಳಗೆ ಆಯೋಗ ಚುನಾವಣೆ ಘೋಷಿಸಿತು, ಅದೇ ತಿಂಗಳು ಕೇರಳ ಹೈಕೋರ್ಟ್ ತಡೆ ಕೊಟ್ಟಿತು, ಘೋಷಿಸಿದ ಚುನಾವಣೆಯನ್ನು ತಡೆಹಿಡಿಯಬೇಕಾಯಿತು.

ತಡೆ ಅಂದರೆ ಖುಲಾಸೆಯಲ್ಲ. ಮೇಲ್ಮನವಿ ಸೋತರೆ ಅನರ್ಹತೆ ಮತ್ತೆ ಅಂಟುತ್ತದೆ. ಈ ವಿಧಾನಸಭೆಯ ಅವಧಿ 2028ರ ಮೇವರೆಗೆ; ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಉಪಚುನಾವಣೆ ಕಡ್ಡಾಯವಲ್ಲ. ಆದ್ದರಿಂದ 2027ರ ಮೇ ದಾಟಿದ ಮೇಲೆ ಸ್ಥಾನ ತೆರವಾದರೆ ಗಂಗಾವತಿಯವರು ಮುಂದಿನ ಸಾರ್ವತ್ರಿಕ ಚುನಾವಣೆಯವರೆಗೆ ಶಾಸಕರಿಲ್ಲದೆ ಕಾಯಬೇಕಾಗಬಹುದು.