ಎಂದೂ ಕಾಣದವರ ಬಗ್ಗೆ ಇಷ್ಟೊಂದು ಖಾತ್ರಿ ಹೇಗೆ?

ಯಹೂದಿ ದ್ವೇಷದ ಮಾತು ಬಂದಾಗ ‘ಬೆಂಕಿಯಿಲ್ಲದೆ ಹೊಗೆಯಾಡೀತೇ’ ಎಂದು ಕೇಳುವವರು ಬಹಳ ಮಂದಿ. ಆ ಜನ ಏನೋ ಮಾಡಿರಬೇಕು, ಆದ್ದರಿಂದಲೇ ಜಗತ್ತು ಅವರನ್ನು ದೂರುತ್ತದೆ ಎಂಬುದು ಈ ಪ್ರಶ್ನೆಯೊಳಗಿನ ನಂಬಿಕೆ. ಅದು ನಿಜವಾದರೆ ಯಹೂದಿಗಳೇ ಇಲ್ಲದ ನಾಡಿನಲ್ಲಿ ಅವರ ಮೇಲೆ ದೂರೂ ಇರಬಾರದು.

2014ರಲ್ಲಿ ಅಮೆರಿಕದ ಯಹೂದಿ ಸಂಸ್ಥೆಯಾದ ಆ್ಯಂಟಿ ಡಿಫಮೇಶನ್ ಲೀಗ್ ನೂರಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳಲ್ಲಿ 53,100 ವಯಸ್ಕರನ್ನು ಪ್ರಶ್ನಿಸಿತು. ಯಹೂದಿಗಳ ಮೇಲಿನ 11 ಹಳೆಯ ಆರೋಪಗಳ ಪೈಕಿ ಆರನ್ನಾದರೂ ‘ಬಹುಶಃ ನಿಜ’ ಎಂದವರನ್ನು ಪೂರ್ವಗ್ರಹವುಳ್ಳವರೆಂದು ಎಣಿಸಿದಾಗ ಅವರ ಪಾಲು ಶೇ 26 ಆಯಿತು. ಅವರಲ್ಲಿ ಹತ್ತಕ್ಕೆ ಏಳು ಮಂದಿ ತಾವು ಒಬ್ಬ ಯಹೂದಿಯನ್ನೂ ಕಂಡಿಲ್ಲವೆಂದರು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ಜೋಡಿ ಅಂಕಿ. ದಕ್ಷಿಣ ಕೊರಿಯಾದಲ್ಲಿ ಶೇ 53, ಲಾವೋಸ್‌ನಲ್ಲಿ ಕೇವಲ ಶೇ 0.2. ಎರಡೂ ಕಡೆ ಯಹೂದಿಗಳು ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಫರಕು ಯಹೂದಿಗಳ ನಡತೆಯಿಂದ ಬಂದಿರಲಾರದು. ಅವರ ಬಗ್ಗೆ ಆ ನಾಡಿಗೆ ಬಂದು ತಲುಪಿದ ಕಥೆಗಳಿಂದ ಬಂದಿರಬೇಕು.

ಅಮೆರಿಕದ ಮನೋವಿಜ್ಞಾನಿ ಯೂಜೀನ್ ಹಾರ್ಟ್ಲಿ 1946ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ತೆರೆಸುವಂಥದ್ದು. ವಿದ್ಯಾರ್ಥಿಗಳಿಗೆ ಕೊಟ್ಟ ಜನಾಂಗಗಳ ಪಟ್ಟಿಯಲ್ಲಿ ಅವರು ತಾವೇ ಕಟ್ಟಿದ ಮೂರು ಹೆಸರುಗಳನ್ನು ಸೇರಿಸಿದ್ದರು; ‘ಪಿರೇನಿಯನ್ನರು’ ಅವುಗಳಲ್ಲೊಂದು. ನಿಜವಾದ ಜನಾಂಗಗಳನ್ನು ದೂರವಿಡಬಯಸಿದವರು ಈ ಇಲ್ಲದ ಜನರನ್ನೂ ದೂರವಿಡಬಯಸಿದರು.

ನಂಬಿಕೆ ಹುಟ್ಟುವುದಕ್ಕೆ ಕಥೆ ಸಾಕು, ಅದು ಅಳಿಯುವುದಕ್ಕೆ ಮಾತ್ರ ಅನುಭವ ಬೇಕು. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ಆ ದೆವ್ವವನ್ನು ಯಾರೂ ಕಾಣದಿದ್ದುದೇ ಅದರ ಬಲವಾಗಿತ್ತು, ಏಕೆಂದರೆ ಕಾಣದ್ದನ್ನು ಸುಳ್ಳೆಂದು ತೋರಿಸುವುದು ಕಷ್ಟ. ಕರಡು ತಿದ್ದುವವರಿಲ್ಲದ ಮುದ್ರಣಾಲಯದಲ್ಲಿ ಒಂದೇ ತಪ್ಪು ಪ್ರತಿಯೊಂದು ಪ್ರತಿಯಲ್ಲೂ ಅಚ್ಚಾಗುವಂತೆ, ಯಹೂದಿ ನೆರೆಯವರಿಲ್ಲದ ಊರಿನಲ್ಲಿ ‘ಅವರೆಲ್ಲ ಸಿರಿವಂತರು’ ಎಂಬ ಮಾತು ತಿದ್ದುಪಡಿಯಿಲ್ಲದೆ ಸಾಗುತ್ತದೆ. ಬಾಡಿಗೆ ಕಟ್ಟಲು ಒದ್ದಾಡುವ ಯಹೂದಿ ದರ್ಜಿಯೊಬ್ಬ ಎದುರುಮನೆಯಲ್ಲಿದ್ದರೆ ಅದು ಅಷ್ಟು ಸಲೀಸಾಗಿ ಸಾಗದು. ಹಾಗೆಂದು ನೆರೆಹೊರೆಯೊಂದೇ ಮದ್ದಲ್ಲ. ಜರ್ಮನಿಯ ಯಹೂದಿಗಳಿಗೂ ನೆರೆಯವರಿದ್ದರು. ಸಮಾನ ಸ್ಥಾನ, ಸಮಾನ ಗುರಿ, ಪರಸ್ಪರ ಸಹಕಾರ ಮತ್ತು ಅಧಿಕಾರಸ್ಥರ ಬೆಂಬಲ ಇದ್ದಾಗ ಒಡನಾಟ ಪೂರ್ವಗ್ರಹವನ್ನು ತಗ್ಗಿಸುತ್ತದೆಂದು ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ವಾದಿಸಿದ್ದರು.

ಕಥೆ ಹೇಗೆ ಆಮದಾಗುತ್ತದೆ ಎಂಬುದಕ್ಕೆ ಜಪಾನಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ನ್ಯೂಯಾರ್ಕಿನ ಯಹೂದಿ ಬ್ಯಾಂಕರ್ ಜೇಕಬ್ ಶಿಫ್, ತನ್ನ ಜನರನ್ನು ಪೀಡಿಸುತ್ತಿದ್ದ ಝಾರ್ ದೊರೆಯ ಮೇಲಿನ ಸಿಟ್ಟಿನಿಂದ, ಜಪಾನಿಗೆ ಭಾರಿ ಸಾಲ ದೊರಕಿಸಿಕೊಟ್ಟರು. ಮುಂದೆ 1918ರಿಂದ ಸೈಬೀರಿಯಾದಲ್ಲಿದ್ದ ಜಪಾನಿ ಅಧಿಕಾರಿಗಳಿಗೆ ಕ್ರಾಂತಿವಿರೋಧಿ ರಷ್ಯನ್ನರಿಂದ, ಯಹೂದಿ ಹಿರಿಯರು ಜಗತ್ತನ್ನು ಆಳಲು ಸಂಚು ಹೂಡಿದ್ದಾರೆಂದು ಸಾರುವ ‘ಪ್ರೋಟೋಕಾಲ್‌ಗಳು’ ದೊರೆತವು. 1903ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ಮೊದಲು ಅಚ್ಚಾದ ಈ ಬರಹ ಶುದ್ಧ ನಕಲಿ. ಇದರ ಬಹುಭಾಗವನ್ನು ಮೂರನೆಯ ನೆಪೋಲಿಯನ್ನನನ್ನು ಟೀಕಿಸಿ 1864ರಲ್ಲಿ ಹೊರಬಂದ ಫ್ರೆಂಚ್ ವಿಡಂಬನೆಯಿಂದ ಕದ್ದಿದ್ದರೆಂದು ಲಂಡನ್ನಿನ ‘ದಿ ಟೈಮ್ಸ್’ 1921ರಲ್ಲಿ ಬಯಲು ಮಾಡಿತು. ಆ ಮೂಲದಲ್ಲಿ ಯಹೂದಿಗಳ ಪ್ರಸ್ತಾಪವೇ ಇಲ್ಲ. ಆದರೂ 1920ರ ದಶಕದಲ್ಲಿ ಅದು ಜಪಾನಿಗೆ ಅನುವಾದವಾಯಿತು. ಅನುವಾದಿಸಿದವರಲ್ಲಿ ಒಬ್ಬರಾದ ಸೇನಾಧಿಕಾರಿ ನೊರಿಹಿರೊ ಯಾಸುಯೆ ಮುಂದೆ, ಇಷ್ಟು ಬಲಶಾಲಿಗಳಾದವರನ್ನು ಮಂಚೂರಿಯಾದಲ್ಲಿ ನೆಲೆಗೊಳಿಸಿ ಅವರ ಬಂಡವಾಳವನ್ನು ಬಳಸಿಕೊಳ್ಳಬೇಕೆಂದು ಬಯಸಿದವರ ಗುಂಪಿಗೆ ಸೇರಿದರು. ಯುರೋಪಿನಲ್ಲಿ ಕೊಲೆಗೆ ನೆಪವಾದ ಕಥೆಯೇ ಇಲ್ಲಿ ಆಹ್ವಾನಕ್ಕೆ ಕಾರಣವಾಗುತ್ತಿತ್ತು.

ಕೊರಿಯಾದ ಶೇ 53ನ್ನು ಓದುವಾಗಲೂ ಇದು ನೆನಪಿರಬೇಕು. ಯಹೂದಿಗಳ ಧರ್ಮಗ್ರಂಥ ತಾಲ್ಮುಡ್‌ನ ಕಥಾಸಂಗ್ರಹಗಳನ್ನು ಅಲ್ಲಿನ ತಾಯ್ತಂದೆಯರು ಮಕ್ಕಳು ಜಾಣರಾಗಲೆಂದು ಕೊಳ್ಳುತ್ತಾರೆ. ‘ವ್ಯಾಪಾರ ಜಗತ್ತಿನಲ್ಲಿ ಯಹೂದಿಗಳಿಗೆ ಅತಿಯಾದ ಬಲವಿದೆ’ ಎಂಬ ಸಮೀಕ್ಷೆಯ ಹೇಳಿಕೆಗೆ ಅಂಥವರೊಬ್ಬರು ಮೆಚ್ಚುಗೆಯಿಂದಲೇ ಹೌದೆಂದಿರಬಹುದು. ಹಾಗಿದ್ದರೂ ಆ ಮೆಚ್ಚುಗೆಯೊಳಗಿರುವುದು ಯಾಸುಯೆ ಅನುವಾದಿಸಿದ ಅದೇ ಕಾಲ್ಪನಿಕ ಯಹೂದಿ.