ಪದ ಪರಿಚಯ: ಬಿಳಿ ಹೊಗೆ

ಡಿಸೆಂಬರ್ ತಿಂಗಳ ಬೆಳಗ್ಗೆ, ಚಿಕ್ಕಮಗಳೂರು. ಪರಿಚಯದವರೊಬ್ಬರು ಹಳೆಯ ಮಾರುತಿ 800 ಕೊಳ್ಳಬೇಕೆಂದು ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಮಾಲೀಕರು ಕೀ ತಿರುಗಿಸಿದರು. ಸೈಲೆನ್ಸರ್ ಹಿಂದೆ ಬೆಳ್ಳಗೆ ಎದ್ದಿತು. "ಬಿಳಿ ಹೊಗೆ! ಇಂಜಿನ್ ಹೋಗಿದೆ, ಬೇಡ ಬನ್ನಿ ಸರ್" ಎಂದು ಇವರು ಹೊರಟೇ ಬಿಟ್ಟರು. ನಾನು ಪೈಪಿನ ಬಾಯಿಂದ ಒಂದಡಿ ದೂರದಲ್ಲಿ ಅಂಗೈ ಹಿಡಿದೆ. ಕೈ ಒದ್ದೆಯಾಯಿತು. ಮೂಸಿದೆ, ಎಣ್ಣೆ ವಾಸನೆ ಇಲ್ಲ. ಐದು ನಿಮಿಷದಲ್ಲಿ ಬಿಳಿ ಪೂರ್ತಿ ಮಾಯ. ಅದು ಹೊಗೆಯೇ ಆಗಿರಲಿಲ್ಲ, ಬರೀ ಹಬೆ. ಈ ಚಳಿಗಾಲದಲ್ಲಿ ನಾನು ಈ ಮಾತು ಹೇಳಿದ್ದು ಇದು ಮೂರನೇ ಸಲ.

ಅಡುಗೆಮನೆಯಲ್ಲಿ ನಮಗೆ ಈ ಗೊಂದಲವೇ ಇಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಬರುವುದು ಹಬೆ. ಒಗ್ಗರಣೆ ಸೀದರೆ ಏಳುವುದು ಹೊಗೆ. ಎರಡೂ ಬೆಳ್ಳಗೇ ಕಾಣಬಹುದು, ಆದರೂ ಯಾರೂ "ಇಡ್ಲಿಯಿಂದ ಹೊಗೆ ಬರ್ತಿದೆ" ಅನ್ನುವುದಿಲ್ಲ. ಗಾಡಿಯ ಹಿಂದೆ ನಿಂತ ಕೂಡಲೇ ಈ ವಿವೇಕ ಎಲ್ಲಿ ಹೋಗುತ್ತದೆ?

ಹೊಗೆ ಹಳೆಯ ಪದ. ಹಳಗನ್ನಡದಲ್ಲಿ ಅದು ಪೊಗೆ. ಪಾಲ್ ಹಾಲಾದ ಹಾಗೆ, ಪೂ ಹೂವಾದ ಹಾಗೆ, ಪೊಗೆ ಹೊಗೆಯಾಯಿತು. ತಮಿಳಿನಲ್ಲಿ ಪುಗೈ, ತೆಲುಗಿನಲ್ಲಿ ಪೊಗ, ಮಲಯಾಳದಲ್ಲಿ ಪುಕ. ನಮ್ಮ ಹೊಗೆಸೊಪ್ಪು ಅವರಲ್ಲಿ ಪುಗೈಯಿಲೈ, ಪೊಗಾಕು. ಈ ಪದದ ಹಿಂದೆ ಸುಡುವ ವಸ್ತು ಒಂದು ಇದ್ದೇ ಇರುತ್ತದೆ. ಅಸಮಾಧಾನ ಕೂಡ ಒಳಗೊಳಗೇ ಹೊಗೆಯಾಡುತ್ತದೆ, ಹಬೆಯಾಡುವುದಿಲ್ಲ. ಹಬೆಯಾಡುವುದು ಈಗಷ್ಟೇ ಬಸಿದ ಅನ್ನ. ಹಬೆಗೆ ನೀರು ಬೇಕು, ಹೊಗೆಗೆ ಉರಿ ಬೇಕು.

ಉರಿಯಿಲ್ಲದೆಯೂ ಹೊಗೆ ಎನ್ನಬಹುದು ಎಂದು ಹೊಗೆನಕಲ್ ಹೆಸರು ಎತ್ತಿ ವಾದಿಸುವವರಿದ್ದಾರೆ. ವಾದ ಸರಿಯಾಗಿಯೇ ಇದೆ. ಕಾವೇರಿ ಬಂಡೆಗೆ ಅಪ್ಪಳಿಸಿ ಎದ್ದ ತುಂತುರು ಹೊಗೆಯ ಹಾಗೆ ಕಂಡಿತು, ಹೊಗೆಯೂ ಕಲ್ಲೂ ಸೇರಿ ಊರಿನ ಹೆಸರಾಯಿತು. ಅಲ್ಲಿ ಉರಿಯೂ ಇಲ್ಲ, ಸುಡುವುದೂ ಇಲ್ಲ. ಊರಿಗೆ ಹೆಸರಿಡಲು ಕಣ್ಣಿಗೆ ಕಂಡದ್ದು ಸಾಕು. ಹಳೆ ಗಾಡಿಗೆ ಬೆಲೆ ಕಟ್ಟಲು ಅಷ್ಟೇ ಸಾಲದು, ಅಲ್ವಾ?

ಪೆಟ್ರೋಲ್ ಉರಿದಾಗ ನೀರು ಹುಟ್ಟುತ್ತದೆ ಎಂದರೆ ಹಲವರು ನಂಬುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರೇ ಆಗುತ್ತದೆ. ಸೈಲೆನ್ಸರ್ ಕಾದಿದ್ದರೆ ಅದು ಕಣ್ಣಿಗೆ ಕಾಣದ ಆವಿಯಾಗಿ ಹೋಗಿಬಿಡುತ್ತದೆ. ರಾತ್ರಿಯಿಡೀ ತಣ್ಣಗಿದ್ದ ಪೈಪಿನಲ್ಲಿ ಹನಿಗಟ್ಟುತ್ತದೆ, ತೊಟ್ಟಿಕ್ಕುತ್ತದೆ, ಚಳಿ ಗಾಳಿಗೆ ಬೆಳ್ಳಗೆ ಕಾಣುತ್ತದೆ. ಹೊಸ ಗಾಡಿಯಲ್ಲೂ ಹೀಗೆಯೇ.

ನಿಜವಾಗಿ ಹೆದರಬೇಕಾದ ಬಿಳಿ ಬೇರೆ. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಭಾಗದ ಸಂದು ಸೋರದಂತೆ ಮುಚ್ಚುವ ತೆಳು ಹಾಳೆ) ಹೋಗಿ, ಇಂಜಿನ್ ತಣ್ಣಗಿಡುವ ಕೂಲೆಂಟ್ ದ್ರವ ಇಂಧನ ಉರಿಯುವ ಸಿಲಿಂಡರ್ ಒಳಗೆ ಇಳಿದರೆ ದಟ್ಟವಾಗಿ ಬರುತ್ತದೆ. ಅದರಲ್ಲೂ ಹೆಚ್ಚಿನ ಪಾಲು ಹಬೆಯೇ, ಆದರೆ ನಿಲ್ಲದ ಹಬೆ. ಇಂಜಿನ್ ಕಾದ ಮೇಲೂ ಬರುತ್ತಲೇ ಇರುತ್ತದೆ, ಸ್ವಲ್ಪ ಸಿಹಿ ವಾಸನೆ ಇರುತ್ತದೆ, ರೇಡಿಯೇಟರ್ ನೀರು ಸೋರಿಕೆ ಕಾಣದೆ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ಬಣ್ಣ ನೋಡಿ ಕೂಗಬೇಡಿ, ಎಷ್ಟು ಹೊತ್ತು ಬರುತ್ತದೆ ಎಂದು ನೋಡಿ. ಡೀಸೆಲ್ ಗಾಡಿಯಾದರೆ ತಣ್ಣಗಿನ ಇಂಜಿನ್ನಿನ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಕೆಲಸ ಮಾಡದೆ ಅರೆಬರೆ ಉರಿದ ಡೀಸೆಲ್ ಕೂಡ ಬೆಳ್ಳಗೆ ಬರಬಹುದು. ಅದು ಕಣ್ಣು ಉರಿಸುತ್ತದೆ, ಡೀಸೆಲ್ ವಾಸನೆ ಹೊಡೆಯುತ್ತದೆ. ಅದನ್ನು ಹೊಗೆ ಎಂದೇ ಕರೆಯಿರಿ, ನನ್ನ ತಕರಾರಿಲ್ಲ.

ಇನ್ನೊಂದು ಮಾತು ಕೇಳಿದಾಗಲೂ ನನಗೆ ತಾಳ್ಮೆ ತಪ್ಪುತ್ತದೆ: "ನೀಲಿ ಹೊಗೆ ಅಂದ್ರೆ ಬೋರ್ ಹೋಗಿದೆ." ಬೋರ್ ಎಂದರೆ ಸಿಲಿಂಡರಿನ ಒಳಗೋಡೆ, ಅದು ಸವೆದಿದೆ ಎನ್ನುವ ಮಾತು. ನೀಲಿ ಬಂದರೆ ಆಯಿಲ್ ಸುಡುತ್ತಿದೆ ಎನ್ನುವುದು ಸರಿ. ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಎಂದು ಬಂದು ಅರ್ಧ ನಿಮಿಷದಲ್ಲಿ ನಿಂತರೆ, ಮೊದಲ ಅನುಮಾನ ವಾಲ್ವ್ ಸೀಲ್ ಮೇಲೆ, ಅಂದರೆ ಮೇಲಿನ ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯುವ ಪುಟ್ಟ ರಬ್ಬರ್ ಮೇಲೆ. ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ರಾತ್ರಿ ಗಾಡಿ ನಿಂತಾಗ ಆಯಿಲ್ ಹನಿಹನಿಯಾಗಿ ಕೆಳಗಿಳಿದಿರುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಮತ್ತೆ ಒತ್ತಿದಾಗ ಒಮ್ಮೆ ನೀಲಿ ಕಂಡರೂ ಅದೇ ಅನುಮಾನ. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಕಥೆ ಬೇರೆ. ಏರು ಹತ್ತುವಾಗ, ಲೋಡ್ ಬಿದ್ದಾಗಲೆಲ್ಲ ಬರುತ್ತದೆ. ಸೀಲ್ ಬದಲಿಸುವುದಕ್ಕೂ ಇಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವುದಕ್ಕೂ ಖರ್ಚಿನಲ್ಲಿ ಎಷ್ಟು ಅಂತರ ಎಂದು ನಿಮ್ಮ ಮೆಕ್ಯಾನಿಕ್ಕನ್ನೇ ಕೇಳಿ. ಕಪ್ಪು ಹೊಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಉರಿಯದೆ ಉಳಿದ ಇಂಧನದ ಮಸಿ. ಕಾರ್ಬುರೇಟರ್ ಇರುವ ಹಳೆಯ ಗಾಡಿಯಲ್ಲಿ, ತಣ್ಣಗಿನ ಸ್ಟಾರ್ಟಿಗೆ ಪೆಟ್ರೋಲ್ ಪಾಲು ಹೆಚ್ಚಿಸಲು ಹೊರಗೆ ಎಳೆಯುವ ಚೋಕ್ ಅನ್ನು ಮತ್ತೆ ಒಳಗೆ ತಳ್ಳಿದ್ದೀರಾ ಎಂದು ಮೊದಲು ನೋಡಿ.

ಇಷ್ಟೆಲ್ಲ ತಿಳಿಯಬೇಕಾದರೆ ಇಂಜಿನ್ ತಣ್ಣಗಿರಬೇಕು. ಗಾಡಿ ನೋಡಲು ಹೋದಾಗ ಮಾತಿಗೂ ಮುಂಚೆ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿ ಬಿಟ್ಟಿದ್ದಾರೆ. ಸುಮ್ನೆ ವಾಪಸ್ ಬಂದು, ಮರುದಿನ ಬೆಳಗ್ಗೆ ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಶೆಡ್ಡಿನೊಳಗೆ ಬೇಡ, ಗಾಡಿಯನ್ನು ಹೊರಗೆ ತಳ್ಳಿಸಿ. ಪೈಪಿನಿಂದ ಒಂದಡಿ ಹಿಂದೆ ಬಿಳಿ ಕಾಗದ ಹಿಡಿದು ಸ್ಟಾರ್ಟ್ ಮಾಡಿಸಿ. ನಂತರ ಕಾಗದವನ್ನು ಬಿಸಿಲಿಗೆ ಇಡಿ. ನೀರಾಗಿದ್ದರೆ ಒಣಗಿ ಹೋಗುತ್ತದೆ, ಹೆಚ್ಚೆಂದರೆ ಚೂರು ಮಸಿ ಉಳಿಯುತ್ತದೆ. ಆಯಿಲ್ ಆಗಿದ್ದರೆ ಬೋಂಡ ಸುತ್ತಿಕೊಟ್ಟ ಪೇಪರಿನ ಹಾಗೆ ಜಿಡ್ಡಿನ ಕಲೆ ಹಾಗೇ ಇರುತ್ತದೆ.