ಮಳೆ ಲೆಕ್ಕದ ಪಕ್ಕದಲ್ಲಿ ಇನ್ನೆರಡು ಸಾಲು

ಕೊಡಗಿನ ಕಾಫಿ ತೋಟದ ಮನೆಗಳಿಗೆ ದಿನವೂ ಬರೆಯುವುದು ಹೊಸದಲ್ಲ. ಬೆಳಿಗ್ಗೆ ಮಳೆಮಾಪಕದ ನೀರು ಅಳೆದು, ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಎಂದು ಬರೆದಿಡುವ ಪುಸ್ತಕ ಎಷ್ಟೋ ಮನೆಗಳಲ್ಲಿದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು, ಆಮೇಲಿನ ಮಳೆ ಕೈಕೊಟ್ಟಿತೇ, ಎಲ್ಲವೂ ಅದರಲ್ಲಿ ಸಿಗುತ್ತದೆ. ಬರೆದವರ ಮನಸ್ಸು ಅಂದು ಹೇಗಿತ್ತು ಎಂಬುದೊಂದು ಸಿಗುವುದಿಲ್ಲ. ಅದನ್ನೂ ಬರೆಯಿರಿ ಎನ್ನುವುದು ನನ್ನ ಒತ್ತಾಯ.

ಕಾಫಿ, ಮೆಣಸು ಬೆಳೆಯುವವರಿಗೆ ಇದರ ಉಪಯೋಗ ಬೇಗ ತಿಳಿದೀತು. ಮೆಣಸು ಮಾರಿದ ಮೇಲೆ ಬೆಲೆ ಏರಿತು ಎನ್ನಿ. 'ಏರುತ್ತದೆಂದು ನನಗೆ ಗೊತ್ತಿತ್ತು, ಆದರೂ ಮಾರಿಬಿಟ್ಟೆ' ಎಂದು ತಿಂಗಳುಗಟ್ಟಲೆ ಕೊರಗುತ್ತೇವೆ. ನಿಜಕ್ಕೂ ಗೊತ್ತಿತ್ತೇ? 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೊರಡುವ ಮುನ್ನ, ಬರೂಖ್ ಫಿಶಾಫ್ ಮತ್ತು ರೂತ್ ಬೇಯ್ತ್ ಎಂಬ ಸಂಶೋಧಕರು ಆ ಪ್ರವಾಸದಲ್ಲಿ ಏನೇನು ನಡೆಯಬಹುದೆಂದು ಜನರಿಂದ ಊಹೆ ಪಡೆದಿದ್ದರು. ಪ್ರವಾಸ ಮುಗಿದ ಮೇಲೆ ಅವರವರ ಊಹೆಯನ್ನೇ ಮತ್ತೆ ಕೇಳಿದಾಗ, ನಡೆದುಹೋದ ಸಂಗತಿಗಳನ್ನು ತಾವು ಮೊದಲೇ ಹೆಚ್ಚು ಖಚಿತವಾಗಿ ಊಹಿಸಿದ್ದೆವು ಎಂದು ಬಹಳ ಮಂದಿ ನೆನಪಿಸಿಕೊಂಡರು. ನೆನಪು ಹೀಗೆ ತಾನೇ ತಿದ್ದಿಕೊಳ್ಳುತ್ತದೆ, ಬರೆದ ಪುಟ ತಿದ್ದಿಕೊಳ್ಳುವುದಿಲ್ಲ. ಮಾರಿದ ದಿನದ ಪುಟ ತೆಗೆದರೆ ಅಂದು ಕೂಲಿ ಬಟವಾಡೆಗೆ ಹಣ ಬೇಕಿತ್ತು, ಬೆಲೆ ಇನ್ನೂ ಕುಸಿಯುವ ಭಯವಿತ್ತು ಎಂದಿರುತ್ತದೆ. ಅನಗತ್ಯವಾಗಿ ತನ್ನನ್ನು ಹಳಿದುಕೊಳ್ಳುವುದು ಅಲ್ಲಿಗೆ ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ನೋವಿನ ವಿಷಯ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ಬದುಕಿನ ಕಹಿ ಘಟನೆಯನ್ನೂ ಅದು ತಂದ ಭಾವನೆಗಳನ್ನೂ ಬರೆದವರು ಬರೆದ ಕೂಡಲೇ ಇನ್ನಷ್ಟು ಕುಗ್ಗಿದ್ದರು. ಆದರೆ ಮುಂದಿನ 6 ತಿಂಗಳಲ್ಲಿ ಅವರು ಕಾಯಿಲೆಯೆಂದು ಆರೋಗ್ಯ ಕೇಂದ್ರಕ್ಕೆ ಹೋದದ್ದು, ಮಾಮೂಲಿ ವಿಷಯ ಬರೆದವರಿಗಿಂತ ಕಡಿಮೆ. ಇಂಥ ಬರಹಗಳ ಪದಗಳನ್ನು ಮುಂದೆ ಎಣಿಸಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು: ದಿನದಿಂದ ದಿನಕ್ಕೆ 'ಏಕೆಂದರೆ', 'ಈಗ ಅರ್ಥವಾಗುತ್ತಿದೆ' ಎಂಬಂಥ ಮಾತುಗಳು ಹೆಚ್ಚಾದವರಿಗೆ ಹೆಚ್ಚು ಲಾಭವಾಗಿತ್ತು. ಸಿಟ್ಟು ಬಂತು ಎಂದಷ್ಟೇ ಬರೆದು ನಿಲ್ಲಿಸದೆ, ಏಕೆ ಬಂತು ಎಂದು ಒಂದು ಹೆಜ್ಜೆ ಮುಂದೆ ಹೋಗಬೇಕು ಎಂದು ನಾನು ಹೇಳುವುದು ಅದಕ್ಕೇ. 2006ರಲ್ಲಿ ಇಂಥ ಬರವಣಿಗೆಯ 146 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಲಾಭ ನಿಜ, ಆದರೆ ಸರಾಸರಿಯಲ್ಲಿ ಸಣ್ಣದು ಎಂದು ಕಂಡಿತು. ಖರ್ಚಿಲ್ಲದ ಕೆಲಸಕ್ಕೆ ನನಗದು ಸಾಕೆನಿಸುತ್ತದೆ.

ಅಭ್ಯಾಸ ಉಳಿಯಬೇಕಾದರೆ ಈಗಾಗಲೇ ತಪ್ಪದೆ ಮಾಡುವ ಕೆಲಸಕ್ಕೆ ಅದನ್ನು ಜೋಡಿಸಿ. ಮಳೆ ಬರೆದ ಕೂಡಲೇ ಎರಡು ಸಾಲು. ಮಳೆಮಾಪಕವಿಲ್ಲದ ಮನೆಯಲ್ಲಿ ಸಂಜೆಯ ಕಾಫಿಯ ನಂತರ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ, ಹೊಸ ರೂಢಿ ತಾನಾಗಿ ನಡೆಯುವ ಹಂತಕ್ಕೆ ಬರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಎಂದು ಅಂದಾಜಾಯಿತು. ಎಲ್ಲರ ದಿನಗಳನ್ನು ಏರಿಕೆಯ ಸಾಲಿನಲ್ಲಿಟ್ಟರೆ ನಡುವಿನ ಅಂಕಿ 66. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ.

2018ರ ಆಗಸ್ಟಿನ ಭೂಕುಸಿತದಲ್ಲಿ ಮನೆ, ತೋಟ, ಮನೆಯವರನ್ನು ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಅಂಥ ದುಃಖವನ್ನು ಒಬ್ಬರೇ ಕೂತು ಬರೆದು ತೀರಿಸಬೇಕೆಂದು ಹೇಳಲಾರೆ. ಬರೆಯುತ್ತಾ ಎದೆ ತಡೆಯದಂತಾದರೆ ಪೆನ್ನು ಕೆಳಗಿಡಿ. ಪೆನ್ನೆಬೇಕರ್ ಅವರ ಸಲಹೆಯೂ ಅದೇ. ಆಪ್ತರೊಡನೆ ಮಾತಾಡಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಕರೆಗೆ ಹಣವಿಲ್ಲ.